ಒಳಗೆ ದನ, ನೆಲದಡಿ ದವಸ

ಧಾರವಾಡ, ವಿಜಯಪುರ, ರಾಯಚೂರು, ಬಳ್ಳಾರಿ ಕಡೆಯ ಹಳೆಯ ಒಕ್ಕಲು ಮನೆಯ ತಲಬಾಗಿಲು ದಾಟಿದರೆ ಮೊದಲು ಕಾಲಿಡುವುದು ದನದ ಅಂಕಣಕ್ಕೆ. ಅಲ್ಲಿ ನೆಲ ತಗ್ಗು, ಹಾಸುಗಲ್ಲು, ಗೋಡೆಗುಂಟ ಮೇವು ಹಾಕುವ ಗ್ವಾದಲಿ. ಅದರಾಚೆ ಎರಡು ಮೂರು ಅಡಿ ಎತ್ತರದ ಕಟ್ಟೆ. ಕಟ್ಟೆ ಹತ್ತಿದರೆ ಪಡಸಾಲೆ, ಅದರ ಹಿಂದೆ ನಡುಮನೆ, ಕೊನೆಗೆ ಹಗಲಲ್ಲೂ ದೀಪ ಬೇಡುವ ಅಡುಗೆಮನೆ. ಎತ್ತು ಹೊರಡುವ ಬಾಗಿಲಲ್ಲೇ ಬೀಗರು ಬರಬೇಕು, ಮದುಮಗಳು ಹೊಸಿಲು ತುಳಿಯಬೇಕು. ಬೇರೆ ಬಾಗಿಲಿಲ್ಲ. ಕಿಟಕಿಯಂತೂ ಇಲ್ಲವೇ ಇಲ್ಲ. ಮಾಳಿಗೆಯಲ್ಲಿ ಕೊರೆದ ಬೆಳಕಿಂಡಿಯಿಂದ ಬಿದ್ದಷ್ಟೇ ಬೆಳಕು.

ಇದನ್ನು ಬಡತನವೆಂದೋ ಕೊಳಕೆಂದೋ ಬಗೆಯುವುದು ಸುಲಭ. ಹತ್ತೊಂಬತ್ತನೆಯ ಶತಮಾನದ ಬಿಳಿಯ ಅಧಿಕಾರಿಗಳು ಹಾಗೆಯೇ ಬಗೆದರು, ಅವರ ಬಳಿ ಓದಿ ಬಂದ ನಮ್ಮವರೂ ಬಗೆದರು. ಆದರೆ ಊರ ಗೌಡನ ಮನೆಯೂ ಇದೇ ನಕ್ಷೆಯದು. ವ್ಯತ್ಯಾಸ ಅಂಕಣಗಳ ಎಣಿಕೆಯಲ್ಲಿ ಮಾತ್ರ: ಸಾಲು ಕಂಬಗಳ ನಡುವಣ ಒಂದೊಂದು ಅಳತೆಯೂ ಒಂದು ಅಂಕಣ; ಬಡವನದು ಮೂರಂಕಣ, ಸ್ಥಿತಿವಂತನದು ಒಂಬತ್ತು, ಹನ್ನೊಂದು. ಸಿರಿವಂತಿಕೆ ಹೆಚ್ಚಿದಂತೆ ದನದ ಅಂಕಣಗಳೂ ಹೆಚ್ಚಿದವೇ ಹೊರತು ದನ ಹೊರಗೆ ಹೋಗಲಿಲ್ಲ. ಆ ಮನೆಯನ್ನು ಕಟ್ಟಿದ್ದೇ ದನಕ್ಕೆ ಮತ್ತು ದವಸಕ್ಕೆ. ಉಳಿದ ಜಾಗದಲ್ಲಿ ಜನ ಇರುತ್ತಿದ್ದರು. ಹೀಗೆ ನೋಡಿದರೆ ಆ ನಕ್ಷೆಯಲ್ಲಿ ಅರ್ಥವಾಗದ್ದು ಏನೂ ಉಳಿಯುವುದಿಲ್ಲ.

ಈ ಕ್ರಮ ಎಷ್ಟು ಹಿಂದಿನದೆಂದು ಹುಡುಕುತ್ತ ಹೋದರೆ ಬೂದಿದಿಬ್ಬಗಳಿಗೆ ಹೋಗಿ ಮುಟ್ಟುತ್ತೇವೆ. ಬಳ್ಳಾರಿಯ ಕುಡತಿನಿ, ಕುಪ್ಪಗಲ್ಲು, ಸುರಪುರದ ಹತ್ತಿರದ ಬೂದಿಹಾಳ ಮುಂತಾದ ಕಡೆ ಗುಡ್ಡೆಗುಡ್ಡೆಯಾಗಿ ಬಿದ್ದಿರುವ ಬೂದಿಯನ್ನು ಜನ ರಾಕ್ಷಸರ ಚಿತೆಯೆಂದು ನಂಬಿದ್ದರು. ಹಂಪಿಯ ಸಮೀಪದ ನಿಂಬಾಪುರದ ದಿಬ್ಬವಂತೂ ವಾಲಿಯನ್ನು ಸುಟ್ಟ ಜಾಗ. ಕಳೆದ ಶತಮಾನದಲ್ಲಿ ಪುರಾತತ್ವಜ್ಞರಾದ ರೇಮಂಡ್ ಆಲ್ಚಿನ್ ಮತ್ತು ಅವರ ನಂತರ ಕೆ. ಪದ್ದಯ್ಯ ಅಗೆದು ನೋಡಿದಾಗ ಸಿಕ್ಕಿದ್ದು ಸುಟ್ಟ ಸೆಗಣಿ. ನಾಲ್ಕೈದು ಸಾವಿರ ವರ್ಷಗಳ ಹಿಂದೆ, ನವಶಿಲಾಯುಗದ ದನಗಾಹಿಗಳು ಬೇಲಿ ಹಾಕಿ ದನ ಕೂಡಿ, ಬಿದ್ದ ಸೆಗಣಿಯನ್ನು ಮತ್ತೆ ಮತ್ತೆ ಸುಟ್ಟದ್ದರ ಫಲ ಆ ದಿಬ್ಬ. ಅದೇ ಕಾಲದ ಮನುಷ್ಯರ ಮನೆಗಳು ತೆಕ್ಕಲಕೋಟೆಯ ಗುಡ್ಡದ ಮೇಲೆ ಸಿಕ್ಕಿವೆ: ತಡಿಕೆಗೆ ಮಣ್ಣು ಮೆತ್ತಿದ ಸಣ್ಣ ದುಂಡು ಗುಡಿಸಲುಗಳು. ಅವುಗಳಲ್ಲಿ ಉಳಿದದ್ದು ನೆಲಗಟ್ಟು, ಕಂಬದ ಕುಳಿ ಇಷ್ಟೇ. ದೊಡ್ಡಿ ಮಾತ್ರ ಬೆಟ್ಟವಾಗಿ ಉಳಿಯಿತು.

ಈಗ ನಮಗೆ ಕಾಗದಪತ್ರ ಸಿಗುವ ಕಾಲಕ್ಕೆ, ಹದಿನೆಂಟನೆಯ ಶತಮಾನದ ಕೊನೆಗೆ ಬರೋಣ. ತುಂಗಭದ್ರೆಯ ಎರಡೂ ದಂಡೆಗಳು ಆಗ ಮರಾಠರು, ಮೈಸೂರಿನವರು, ನಿಜಾಮ ಮತ್ತು ಈಸ್ಟ್ ಇಂಡಿಯಾ ಕಂಪನಿಯ ದಂಡುಗಳು ತುಳಿದ ನೆಲ. 1790ರಿಂದ 1791ರವರೆಗೆ ಮರಾಠರ ಸರದಾರ ಪರಶುರಾಮಭಾವು ಧಾರವಾಡದ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೂತಿದ್ದ. ದಂಡು ನಡೆಯುವುದು ಎತ್ತಿನ ಬೆನ್ನ ಮೇಲೆ. ತೋಪು ಎಳೆಯುವುದೂ ಎತ್ತು, ದವಸ ಹೊರುವುದೂ ಎತ್ತು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲವರೆಗೆ ಬಂದು ಹಿಂದಿರುಗಿದ್ದು ಮದ್ದುಗುಂಡು ಸಾಲದೆ ಅಲ್ಲ. ಟಿಪ್ಪು ದಾರಿಯ ಮೇವು, ಕಾಳು ಎಲ್ಲವನ್ನೂ ಸುಡಿಸಿದ್ದ. ಎತ್ತುಗಳು ಹಿಂಡು ಹಿಂಡಾಗಿ ಸತ್ತವು. ಎಳೆಯುವವರಿಲ್ಲದ ತೋಪುಗಳನ್ನು ಒಡೆದು ಬಿಟ್ಟು ಗೌರ್ನರ್ ಜನರಲ್ ಬೆಂಗಳೂರಿಗೆ ಮರಳಬೇಕಾಯಿತು. ಮೈಸೂರಿನ ಒಡೆಯರು ಕಟ್ಟಿ, ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ ದನದ ಇಲಾಖೆ ಇದ್ದದ್ದೂ ಈ ಕಾರಣಕ್ಕೇ.

ಹಾಗಿದ್ದಾಗ ಒಕ್ಕಲಿಗನ ಜೋಡೆತ್ತನ್ನು ಯಾರು ಬಿಟ್ಟಾರು? ಬೇಸಾಯಕ್ಕೆ ಅದೇ ಬಂಡವಾಳ, ದಂಡಿಗೂ ಅದೇ ಬೇಕು, ದಾರಿ ದರೋಡೆಯವರಿಗೂ ಅದೇ ಬೇಕು. ಹಿಂಗಾರಿಗೆ ಮುಂಚೆ ಎತ್ತು ಹೋದರೆ ಆ ವರ್ಷ ಹೊಲ ಬೀಳು. ಅದಕ್ಕೇ ಎತ್ತನ್ನು ಒಳಗೆ ಕಟ್ಟಿ, ಒಂದೇ ಬಾಗಿಲಿಟ್ಟು, ಅದಕ್ಕೆ ಅಡ್ಡಲಾಗಿ ಮರದ ಅಗುಳಿ ಜಡಿದು, ಕಟ್ಟೆಯ ಮೇಲೆ ಮನೆಯ ಗಂಡಸು ಮಲಗಿದ. ಕಿಟಕಿ ಇಡದಿದ್ದುದಕ್ಕೂ ಇದೇ ಕಾರಣ. ಊರಿಗೂ ಮನೆಯಂಥದೇ ನಕ್ಷೆ: ಸುತ್ತ ಮಣ್ಣಿನ ಗೋಡೆ, ಒಂದೆರಡು ಅಗಸಿ ಬಾಗಿಲು, ನಡುವೆ ಹುಡೇವು ಎಂಬ ದುಂಡನೆಯ ಕಾವಲು ಗೋಪುರ. ಧಾರವಾಡ, ಬೆಳಗಾವಿ, ವಿಜಯಪುರ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಹುಡೇವಿನ ಬುಡ ಈಗಲೂ ನಿಂತಿದೆ. ಯಾವ ರಾಜನೂ ಕಟ್ಟಿಸಿದ ಕೋಟೆಯಲ್ಲ ಅದು. ದನ ಹೊಡೆದುಕೊಂಡು ಹೋಗಲು ಬರುವವರ ಧೂಳು ದೂರದಿಂದಲೇ ಕಾಣಲೆಂದು ಊರವರು ಎಬ್ಬಿಸಿಕೊಂಡದ್ದು. ನನ್ನ ಎಣಿಕೆಯಲ್ಲಿ ಅದನ್ನೂ ಒಕ್ಕಲುತನದ ಕಟ್ಟಡಗಳ ಪಟ್ಟಿಗೇ ಸೇರಿಸಬೇಕು.

ದನವನ್ನು ಗೋಡೆಯೊಳಗೆ ಇಡಬಹುದು. ದವಸಕ್ಕೆ ಗೋಡೆ ಸಾಲದು. ಮನೆಗೆ ಬೆಂಕಿ ಬಿದ್ದರೆ ಕಣಜವೂ ಹೋಗುತ್ತದೆ. ಅದಕ್ಕೆ ನೆಲದಡಿಯ ಹಗೇವು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯ ಮೇರೆಗೆ ಮದರಾಸಿನಿಂದ ಹೊರಟು ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಕಂಡ ಬೆಳೆ, ಗೊಬ್ಬರ, ಅಳತೆಗಳನ್ನೆಲ್ಲ ಗುರುತು ಹಾಕಿಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ರಾಗಿ ತುಂಬಿಡುವ ಹಗೆಯ, ಅಂದರೆ ಹಗೇವಿನ, ಪ್ರಸ್ತಾಪವಿದೆ. ಹಗೆಯಲ್ಲಿಟ್ಟ ರಾಗಿ ವರ್ಷಾನುವರ್ಷ ಕೆಡುವುದಿಲ್ಲವೆನ್ನುವುದು ಹಳೆಯ ಮೈಸೂರಿನ ಯಾವ ರೈತನಿಗೂ ಹೇಳಿಕೊಡಬೇಕಾದ ಮಾತಾಗಿರಲಿಲ್ಲ.

ಹಗೇವು ತೋಡುವುದು ಬಾವಿ ತೋಡಿದಂತಲ್ಲ. ಮೊದಲು ನೆಲ ಆಯಬೇಕು. ಎರೆ ಮಣ್ಣು ಆಗದು. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಗರಸು ನೆಲ, ಗಟ್ಟಿ ಕೆಂಪು ನೆಲ, ನೀರು ನಿಲ್ಲದ ಎತ್ತರ ಬೇಕು. ಕಪ್ಪು ನೆಲದ ಸೀಮೆಯಲ್ಲಿ ಊರಿನ ಹಗೇವುಗಳೆಲ್ಲ ಒಂದೇ ದಿಬ್ಬದಲ್ಲಿ ಸಾಲಾಗಿ ಇದ್ದದ್ದು ಅದಕ್ಕೇ. ಬಾಯಿ ಒಬ್ಬ ಆಳು ಇಳಿಯುವಷ್ಟು ಮಾತ್ರ. ಕೆಳಗಿಳಿದಂತೆ ಅಗಲಿಸುತ್ತ ಹೋಗಿ, ಒಳಗೆ ಹರವಿಯ ಹೊಟ್ಟೆಯಂತೆ ಮಾಡುತ್ತಾರೆ. ಆಳ ಹತ್ತು ಹನ್ನೆರಡು ಅಡಿಯೂ ಇರಬಹುದು, ಹೆಚ್ಚೂ ಇರಬಹುದು. ಒಳಗೆ ಬೆಂಕಿ ಹಾಕಿ ಗೋಡೆಯ ಪಸೆ ಆರಿಸಿ, ಹುಲ್ಲಿನ ಹುರಿಯನ್ನು ಸುತ್ತಿ, ತಳಕ್ಕೆ ಹೊಟ್ಟು ಹರವಿ, ಚೆನ್ನಾಗಿ ಒಣಗಿದ ಜೋಳವನ್ನೋ ರಾಗಿಯನ್ನೋ ಸುರಿಯುತ್ತಾರೆ. ಮೇಲೆ ಮತ್ತೆ ಹೊಟ್ಟು, ಹುಲ್ಲು, ಆಮೇಲೆ ಚಪ್ಪಡಿ, ಅದರ ಮೇಲೆ ಮಣ್ಣು. ಮಣ್ಣಿನ ಮೇಲೆ ಸೆಗಣಿ ಸಾರಿಸಿಬಿಟ್ಟರೆ ಅಲ್ಲಿ ಮಕ್ಕಳು ಆಡುತ್ತವೆ, ಬಂಡಿ ನಿಲ್ಲುತ್ತದೆ. ಹೊರಗಿನವನಿಗೆ ಏನೂ ತಿಳಿಯದು.

ಮುಚ್ಚಿದ ಮೇಲೆ ಒಳಗೆ ನಡೆಯುವುದು ಸ್ವಾರಸ್ಯದ ಕೆಲಸ. ಕಾಳು ಉಸಿರಾಡುತ್ತದೆ, ಕಾಳಿನಲ್ಲಿದ್ದ ಹುಳವೂ ಉಸಿರಾಡುತ್ತದೆ. ಇದ್ದ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಾಗ ಹುಳ ಸಾಯುತ್ತದೆ, ಕಾಳು ಉಳಿಯುತ್ತದೆ. ಮನುಷ್ಯನಿಗೂ ಅದೇ ಗತಿ. ಹಗೇವು ತೆರೆದ ಕೂಡಲೇ ಇಳಿದು ಸತ್ತವರ, ಅವರನ್ನು ಎತ್ತಲು ಹೋಗಿ ಸತ್ತವರ ಕತೆ ಇಲ್ಲದ ಸೀಮೆ ಇಲ್ಲ. ಹಾಗಾಗಿ ಬಾಯಿ ತೆಗೆದು ದಿನಪೂರ್ತಿ ಬಿಡುವುದು, ಕಂಬಳಿ ಬೀಸಿ ಗಾಳಿ ಆಡಿಸುವುದು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುವುದು. ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ಗೋಡೆಗೆ ತಾಗಿದ ಕಾಳು ಎಷ್ಟೇ ಮಾಡಿದರೂ ಮುಗ್ಗುತ್ತದೆ, ಬಣ್ಣ ಕೆಟ್ಟು ಹುಳಿ ವಾಸನೆ ಬರುತ್ತದೆ. ಮನೆಯವರ ತಟ್ಟೆಗೆ ನಡುವಿನ ಜೋಳ, ಕೂಲಿಗೆ ಅಳೆಯುವಾಗ ಅಂಚಿನ ಜೋಳ ಎನ್ನುವ ರೂಢಿಯೂ ಇತ್ತು.

ದಿನಬಳಕೆಯ ದವಸ ಮನೆಯೊಳಗೆ ವಾಡೆ, ಗುಡಾಣ, ಕಣಜಗಳಲ್ಲಿ ಇರುತ್ತಿತ್ತು. ಕರಾವಳಿಯಲ್ಲಿ ನೆಲ ತೋಡಿದರೆ ನೀರೇ ಬರುವುದರಿಂದ ಅಲ್ಲಿ ದವಸ ಮೇಲೆ ಹತ್ತಿತು: ಅಂಗಳದಲ್ಲಿ ಹುಲ್ಲುಹಗ್ಗ ಸುತ್ತಿ ಎಬ್ಬಿಸಿದ ಭತ್ತದ ತಿರಿ, ಅಟ್ಟದ ಮೇಲೆ ಹುಲ್ಲಿನಿಂದ ಬಿಗಿದು ಕಟ್ಟಿದ ಅಕ್ಕಿಯ ಮುಡಿ. ಮುಡಿ ಬರೀ ಕಟ್ಟಲ್ಲ, 42 ಸೇರಿನ ಅಳತೆ ಕೂಡ. ಗೇಣಿಯನ್ನು ಅಳೆದದ್ದು ಅದರಲ್ಲೇ.

ಮಾಳಿಗೆಯ ಮಾತು ಬಿಡುವಂತಿಲ್ಲ. ಮಳೆ ಕಡಿಮೆ, ಮರ ಕಡಿಮೆ, ಮಣ್ಣು ಬೇಕಾದಷ್ಟು ಇರುವ ನಾಡಿನ ಚಾವಣಿ ಅದು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಗೆ ಅಡ್ಡಲಾಗಿ ಒತ್ತಾಗಿ ಜೋಡಿಸಿದ ಕಟ್ಟಿಗೆ, ಅದರ ಮೇಲೆ ಬೇವಿನ ಅಥವಾ ಲಕ್ಕಿಯ ಸೊಪ್ಪು, ಸೊಪ್ಪಿನ ಮೇಲೆ ಗೇಣುಗಟ್ಟಲೆ ಮಣ್ಣು. ಕೊನೆಯ ಪದರ ಸವಳು ಮಣ್ಣು. ಹೊಲಕ್ಕೆ ಶಾಪವಾದ ಆ ಮಣ್ಣು ಮಾಳಿಗೆಗೆ ವರ. ಅದರಲ್ಲಿನ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ಹನಿ ಬಿದ್ದೊಡನೆ ಅವು ಹರಡಿ ಸಂದುಗೊಂದುಗಳನ್ನು ಮುಚ್ಚುವುದರಿಂದ ನೀರು ಕೆಳಗಿಳಿಯದೆ ಜಾರಿಹೋಗುತ್ತದೆ. ರಸಾಯನಶಾಸ್ತ್ರ ಓದದ ಒಕ್ಕಲಿಗ ಮುಂಗಾರಿಗೆ ಮುಂಚೆ ಊರಾಚೆಯ ಸವಳು ಹೊಲದಿಂದ ಬಂಡಿ ಹೇರಿಕೊಂಡು ಬರುತ್ತಿದ್ದ. ಹೊಸ ಪದರ ಹಾಕಿ ದಮ್ಮಸು ಮಾಡದ ವರ್ಷ ಮನೆ ಸೋರುತ್ತದೆ. ಹಾಕುತ್ತಲೇ ಹೋದರೆ ಭಾರಕ್ಕೆ ಜಂತಿ ಬಾಗುತ್ತದೆ, ಹಳೆಯದನ್ನು ಕೆತ್ತಿ ತೆಗೆಯಬೇಕು. ಆ ಮಾಳಿಗೆಯ ಮೇಲೆಯೇ ಮೆಣಸಿನಕಾಯಿ ಒಣಗುತ್ತಿತ್ತು, ಬೇಸಿಗೆಯ ರಾತ್ರಿ ಇಡೀ ಊರು ಮಲಗುತ್ತಿತ್ತು.

ಗೋಡೆಯಿಲ್ಲದ, ಮಾಡಿಲ್ಲದ ಒಂದು ಕಟ್ಟಡವೂ ಉಂಟು: ಕಣ. ನೀರು ಹನಿಸಿ, ದನ ತುಳಿಸಿ, ಸೆಗಣಿ ಬಳಿದು ಕಲ್ಲಿನಂತೆ ಗಟ್ಟಿ ಮಾಡಿದ ದುಂಡು ನೆಲ, ನಡುವೆ ಮೇಟಿ, ಅದರ ಸುತ್ತ ತಿರುಗುವ ಹಂತಿಯ ಎತ್ತುಗಳು. ರಾಶಿ ಅಳೆಯುವಾಗ ಮೊದಲ ಕೊಳಗವನ್ನು ಒಂದು ಎನ್ನದೆ ಲಾಭ ಎಂದು ಎಣಿಸಿ ಮುಂದಕ್ಕೆ ಹೋಗುತ್ತಾರೆ. ಆದರೆ ಆ ಲಾಭ ರೈತನೊಬ್ಬನದಲ್ಲ. ದೇವರ ಪಾಲು, ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ, ತಳವಾರ ಮೊದಲಾದ ಆಯಗಾರರ ಪಾಲು, ಮಿಕ್ಕಿದ್ದರಲ್ಲಿ ಸರ್ಕಾರದ್ದು ಒಂದು ಭಾಗ. ಬುಕನನ್ ಈ ಹಂಚಿಕೆಯನ್ನು ಕೊಳಗದ ಲೆಕ್ಕ ಸಮೇತ ಬರೆದಿಟ್ಟಿದ್ದಾನೆ. ಬೆಳೆಯನ್ನೇ ಪಾಲು ಮಾಡಿಕೊಳ್ಳುವ ವಾರದ ಪದ್ಧತಿಯಲ್ಲಿ ಸರ್ಕಾರದ ಆಳು ಬಂದು ಪಾಲು ಮಾಡುವವರೆಗೆ ರಾಶಿಯ ಮೇಲೆ ಮುದ್ರೆ ಒತ್ತಿಡುತ್ತಿದ್ದರು. ಅವನು ತಡ ಮಾಡಿದರೆ ಕಾಳು ಬಯಲಲ್ಲೇ ಮಳೆಗೆ ಮೊಳೆಯಬೇಕು. ರಾತ್ರಿಯ ಕತ್ತಲಲ್ಲಿ ಕಣದಿಂದ ಹಗೇವಿಗೆ ನಡೆಯುತ್ತಿದ್ದ ಸಾಗಾಟಕ್ಕೆ ಕಳ್ಳರ ಭಯವೊಂದೇ ಕಾರಣವಲ್ಲವೆಂದು ಇದರಿಂದ ಊಹಿಸಬಹುದು.

ಮುದ್ರೆ ಹೋದದ್ದು ಹೊಸ ಕಂದಾಯದಿಂದ. ಬಳ್ಳಾರಿಯನ್ನೊಳಗೊಂಡ ದತ್ತ ಮಂಡಲದಲ್ಲಿ ಥಾಮಸ್ ಮನ್ರೋ 1800ರಿಂದ 1807ರವರೆಗೆ ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿಗೆ ಅಡಿಪಾಯ ಹಾಕಿದ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ಧಾರವಾಡ ಕಂಪನಿಗೆ ಸೇರಿತು, ಲೂಟಿಕೋರ ಪಿಂಡಾರಿಗಳ ಹಾವಳಿಯೂ ಅಡಗಿತು. ಮೈಸೂರಿನಲ್ಲಿ 1860ರ ದಶಕದಲ್ಲಿ ಭೂಮಾಪನ ಶುರುವಾಯಿತು. ಇನ್ನು ಮೇಲೆ ಸರ್ಕಾರಕ್ಕೆ ಕಾಳು ಬೇಡ, ರೊಕ್ಕ ಬೇಕು, ಅದೂ ಗೊತ್ತುಪಡಿಸಿದ ಕಂತಿಗೆ. ರೈತ ಕಣದಲ್ಲಿಯೇ ಮಾರತೊಡಗಿದ. ಅದೇ ಹೊತ್ತಿಗೆ ಅಮೆರಿಕದ ಅಂತರ್ಯುದ್ಧ ಬಂದು, 1861ರಿಂದ 1865ರವರೆಗೆ ಹುಬ್ಬಳ್ಳಿ, ಗದಗಿನ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಜೋಳದ ಹೊಲ ಹತ್ತಿಯ ಹೊಲವಾಯಿತು. ಹತ್ತಿ ಹಗೇವಿಗೆ ಇಳಿಯುವುದಿಲ್ಲ. 1871ರಲ್ಲಿ ರಾಯಚೂರಿನಲ್ಲಿ ಮುಂಬಯಿ, ಮದರಾಸುಗಳ ರೈಲು ಹಳಿಗಳು ಕೂಡಿಕೊಂಡು, ಫಸಲು ದೂರದ ಪೇಟೆಗೆ ಹೋಗುವ ದಾರಿ ತೆರೆಯಿತು.

ಇದಾಗಿ ಐದು ವರ್ಷಕ್ಕೆ ಧಾತು, ಈಶ್ವರ ಸಂವತ್ಸರಗಳ ಬರ. 1876ರಲ್ಲಿ ಮಳೆ ಹೋಯಿತು, 1877ರಲ್ಲಿ ಸರಿಯಾಗಿ ಬರಲಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕೂ ಕೆಳಗಿಳಿದಿತ್ತು. ಹಗೇವು ತುಂಬಿದ್ದರೆ ಇಷ್ಟು ಜನ ಸಾಯುತ್ತಿರಲಿಲ್ಲ ಎನ್ನಲು ಬಾರದು; ಹಗೇವು ಇದ್ದ ಕಾಲದಲ್ಲೂ, 1791–92ರಲ್ಲಿ, ತಲೆಬುರುಡೆಗಳು ಹೊಲದಲ್ಲಿ ಬಿದ್ದ ಡೋಗಿ ಬರ ಬಂದಿತ್ತು. ಆದರೆ ಒಂದು ಕೆಟ್ಟ ವರ್ಷವನ್ನು ತಡೆಯುವ ಶಕ್ತಿ ನೆಲದಡಿಯಿಂದ ಪೇಟೆಯ ಅಂಗಡಿಗೆ ವರ್ಗವಾಗಿತ್ತು ಎಂಬುದು ದಿಟ. ದನಗಳಿಗೆ ಹಾಕಲು ಮನೆಯ ಮಾಡಿನ ಹುಲ್ಲನ್ನೇ ಕಿತ್ತರು. ಹುಲ್ಲು ಮುಗಿದ ಮೇಲೆ ತೊಲೆ, ಬಾಗಿಲುವಾಡ ಮಾರಾಟಕ್ಕೆ ಬಂದವು. ಬರದ ಊರುಗಳಲ್ಲಿ ಮನೆ ಬಿಚ್ಚಿದ್ದು ಹೀಗೆ: ಮೊದಲು ಕಾಳು ಹೋಯಿತು, ಆಮೇಲೆ ದನ, ಆಮೇಲೆ ಮಾಡು, ಕೊನೆಗೆ ಜನ.

ಬರ ಮನೆಯನ್ನು ಬರಿದು ಮಾಡಿತು, ನಕ್ಷೆಯನ್ನು ಮುಟ್ಟಲಿಲ್ಲ. ನಕ್ಷೆಯನ್ನು ಕೆಡವಿದ್ದು ಪ್ಲೇಗು. 1896ರಲ್ಲಿ ಮುಂಬಯಿಗೆ ಬಂದ ಅದು ರೈಲು ಹಿಡಿದು 1898ರಲ್ಲಿ ಹುಬ್ಬಳ್ಳಿಯಲ್ಲೂ ಬೆಂಗಳೂರಿನಲ್ಲೂ ಎದ್ದಿತು. ಇಲಿಯ ಮೇಲಿನ ಚಿಗಟ ರೋಗ ತರುತ್ತದೆಂದು ವಿಜ್ಞಾನ ಒಪ್ಪಲು ಇನ್ನೂ ಕೆಲವು ವರ್ಷ ಬೇಕಿತ್ತು. ಹಳ್ಳಿಯವರಿಗೆ ಮಾತ್ರ ಅಟ್ಟದಿಂದ ಇಲಿ ಸತ್ತು ಬಿದ್ದರೆ ಮನೆ ಬಿಡಬೇಕೆಂದು ಆಗಲೇ ತಿಳಿದಿತ್ತು. ಶತಮಾನಗಳ ಕಾಲ ಕಾಳನ್ನು ಒಳಗಿಟ್ಟು ಕಾಪಾಡಿದ ಮನೆ ಇಲಿಗಳನ್ನೂ ಅಷ್ಟೇ ಅಕ್ಕರೆಯಿಂದ ಸಾಕಿತ್ತು. ದಪ್ಪ ಮಣ್ಣಿನ ಗೋಡೆಯಲ್ಲಿ ಬಿಲ, ವಾಡೆಯ ಹಿಂದೆ ಬಿಲ, ಗ್ವಾದಲಿಯ ಕೆಳಗೆ ಬಿಲ. ಮುಂಬಯಿ ಪ್ರಾಂತ್ಯದ ಅಧಿಕಾರಿಗಳು ಮನೆಗಳ ಹೆಂಚು ತೆಗೆಸಿದರು, ನೆಲ ಅಗೆಸಿದರು, ಬಿಸಿಲು ಬೀಳಲೆಂದು ಮಾಡಿಗೆ ಕಂಡಿ ಹೊಡೆಸಿದರು. ಹುಬ್ಬಳ್ಳಿಯಲ್ಲಿ ಸಾವಿರಾರು ಮಂದಿಗೆ ಹಾಫ್‌ಕಿನ್‌ನ ಲಸಿಕೆ ಚುಚ್ಚಿದರು. ಊರಿಗೆ ಊರೇ ಹೊಲಕ್ಕೆ ಹೋಗಿ ಜೋಪಡಿ ಹಾಕಿಕೊಂಡಿತು. ಪ್ಲೇಗಿನಮ್ಮನ ಗುಡಿಗಳು ಎದ್ದವು. ಮರಳಿ ಬಂದವರು ಮನೆಯನ್ನು ನೋಡಿದ ಕಣ್ಣು ಬೇರೆಯಾಗಿತ್ತು. ಕತ್ತಲೆ, ಕಿಟಕಿಯಿಲ್ಲದ ಗೋಡೆ, ಒಳಗಿನ ದನ ಇವೆಲ್ಲ ಅಲ್ಲಿಯವರೆಗೆ ಭದ್ರತೆ. ಇನ್ನು ಮೇಲೆ ರೋಗ. ಶಾಲೆಯ ಆರೋಗ್ಯ ಪಾಠದಲ್ಲಿ ಕೊಟ್ಟಿಗೆ ಮನೆಯಿಂದ ದೂರವಿರಬೇಕೆಂದು ಮಕ್ಕಳು ಉರು ಹೊಡೆಯತೊಡಗಿದವು. ಹಗಲು ಹೊಡೆಯುವ ಕಳ್ಳರ ಕಾಲವೂ ಮುಗಿದಿತ್ತಲ್ಲ, ದನ ಹೊರಗೆ ಹೋಗಲು ಅಡ್ಡಿ ಉಳಿದಿರಲಿಲ್ಲ.

ಮಲೆನಾಡಿನಲ್ಲಿ ಈ ಜಗಳವೇ ಬರಲಿಲ್ಲ. ಅಲ್ಲಿ ಕೊಟ್ಟಿಗೆ ಮೊದಲಿನಿಂದಲೂ ಬೇರೆ ಕಟ್ಟಡ, ಅದರ ಕೆಲಸವೂ ಬೇರೆ: ಗೊಬ್ಬರ ತಯಾರಿಸುವುದು. ದನದ ಕಾಲಡಿಗೆ ದಿನಾ ಸೊಪ್ಪು ಹಾಸಿ, ತುಳಿದು ಕೊಳೆತದ್ದನ್ನು ಅಡಿಕೆ ತೋಟಕ್ಕೆ ಹೊರುತ್ತಾರೆ. ಆ ಸೊಪ್ಪಿಗೆಂದೇ ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಟ್ಟದ್ದುಂಟು. ಅಲ್ಲಿನ ಚಿಂತೆ ಮಾಡಿನದು. ಅಡಿಕೆ ಸೋಗೆ, ಕರಡದ ಹುಲ್ಲು ವರ್ಷ ವರ್ಷ ಬದಲಾಗಬೇಕು, ಒಂದು ಕಿಡಿ ಸಾಕು ಮನೆ ಬೂದಿಯಾಗಲು. ಕುಂಬಾರನ ತಿಗರಿಯಲ್ಲಿ ಕೊಳವೆಯಾಗಿ ತಿರುಗಿ ಎರಡು ಸೀಳಾದ ನಾಡಹೆಂಚು ಉಳ್ಳವರ ಮನೆಗೆ ಮಾತ್ರ. ಮಂಗ ಓಡಾಡಿದರೆ ಅದೂ ಸೋರುತ್ತದೆ.

1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯ ಜೇಡಿ ನಂಬಿ, ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆಯಿತು. ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನರಿ ಅದರ ಹಿಂದಿನ ತಲೆ. ಒಂದಕ್ಕೊಂದು ಕಚ್ಚಿಕೊಳ್ಳುವ ಈ ಚಪ್ಪಟೆ ಹೆಂಚಿನ ಮಾದರಿ ಫ್ರಾನ್ಸಿನ ಅಲ್ಸೇಸ್ ಸೀಮೆಯಲ್ಲಿ ಗಿಲಾರ್ದೋನಿ ಸಹೋದರರು 1841ರಲ್ಲಿ ರೂಪಿಸಿದ್ದು. ಪತ್ತೇಮಾರಿಗಳಲ್ಲಿ ಮುಂಬಯಿಗೆ, ಬಂಡಿಗಳಲ್ಲಿ ಘಟ್ಟ ಹತ್ತಿ ಒಳನಾಡಿಗೆ ಅದು ಹೋಯಿತು. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲಂತೂ ತಡೆಯಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಮಿಷನ್ನಿನ ಆಸ್ತಿ ಸರ್ಕಾರದ ಕೈಸೇರಿತು. ಹೆಂಚಿನ ದಾರಿ ಅದರಿಂದ ನಿಲ್ಲಲಿಲ್ಲ. ಸೊಟ್ಟ ಕಂಬ, ದುಂಡು ಜಂತಿ ಈ ಹೆಂಚಿಗೆ ನಡೆಯದು. ಗರಗಸದಲ್ಲಿ ಕೊಯ್ದ ನೇರ ಪಕಾಸು, ರೀಪು ಬೇಕು. ಹೀಗಾಗಿ ಹೆಂಚಿನ ಜೊತೆ ಬಡಗಿಯ ಲೆಕ್ಕಾಚಾರವೂ ಬದಲಾಯಿತು, ಕುಂಬಾರನ ಆಯದಲ್ಲಿ ಒಂದು ಬಾಬತ್ತು ಕಡಿಮೆಯಾಯಿತು. ಬಯಲುಸೀಮೆಯಲ್ಲೂ ಉಳ್ಳವರು ಮಾಳಿಗೆ ಇಳಿಸಿ ಹೆಂಚು ಏರಿಸಿದರು. ಇಳಿಜಾರು ಮಾಡಿನ ಮೇಲೆ ಮೆಣಸಿನಕಾಯಿ ಒಣಗಿಸಲಾಗದು, ಮಲಗಲಾಗದು ಎಂಬುದು ಆಮೇಲೆ ಹೊಳೆದ ಸಂಗತಿ.

ಇಷ್ಟು ಹೊತ್ತು ಹೇಳಿದ್ದೆಲ್ಲ ಎತ್ತು ಇದ್ದವರ, ಹಗೇವು ಇದ್ದವರ ಕತೆ. ಹಳೆಯ ಮನೆಗಳ ಬಗ್ಗೆ ಬರೆಯುವಾಗ ಕಂಬದ ಕೆತ್ತನೆ, ತೊಟ್ಟಿಯ ತಂಪು ನೆನೆದು ಕರಗುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ದನಕ್ಕೆ ಒಳಗೆ ಜಾಗವಿದ್ದ ಎಷ್ಟೋ ಮನೆಗಳಲ್ಲಿ, ಅದೇ ದನ ಕಾಯುವವನು ದಲಿತನಾದರೆ, ಹೊಸಿಲು ದಾಟುವಂತಿರಲಿಲ್ಲ. ಜೀತದ ಆಳು ಮಲಗುತ್ತಿದ್ದುದು ಹೊರಗಿನ ಕೊಟ್ಟಿಗೆಯಲ್ಲಿ, ಇಲ್ಲವೇ ಬಣವೆಯ ಮಗ್ಗುಲಲ್ಲಿ. ದಲಿತರ ಕೇರಿ ಇದ್ದದ್ದು ಅಗಸಿಯ ಆಚೆ. ದಂಡು ಬಂದರೆ ಮೊದಲು ತುಳಿಯುವುದು ಅದನ್ನೇ. ಹಗೇವಿಗೆ ಇಳಿದು ದೀಪ ಆರುವುದನ್ನು ತಮ್ಮ ಮೈಯಲ್ಲೇ ಪರೀಕ್ಷಿಸಿದವರೂ ಹೆಚ್ಚಾಗಿ ಅವರೇ. ಅವರ ಗುಡಿಸಲಿಗೆ ಅಂಕಣದ ಎಣಿಕೆಯೂ ಇರಲಿಲ್ಲ, ಇಡಲು ದವಸವೂ ಇರಲಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಗೇವುಗಳನ್ನು ಒಂದೊಂದಾಗಿ ಮುಚ್ಚಿದರು. ಗೋಣಿಚೀಲ, ತಗಡಿನ ಪೀಪಾಯಿ, ಎಪಿಎಂಸಿ ಅಂಗಳ, ನ್ಯಾಯಬೆಲೆ ಅಂಗಡಿ ಅವುಗಳ ಕೆಲಸವನ್ನು ಹಂಚಿಕೊಂಡವು. ಒಕ್ಕುವ ಯಂತ್ರ ಬಂದು ಮೇಟಿಗೆ ಕೆಲಸ ತಪ್ಪಿತು. ಡಾಂಬರು ರಸ್ತೆಯೇ ಕಣವಾಗಿ, ಲಾರಿ ಬಸ್ಸುಗಳೇ ಹಂತಿ ಹೊಡೆದವು. ಮುಚ್ಚದೆ ಮರೆತ ಹಗೇವುಗಳು ಜೋರು ಮಳೆಗೆ ಓಣಿಯ ನಡುವೆ ಕುಸಿದು ಬಾಯಿ ತೆರೆಯುವುದು ಉತ್ತರ ಕರ್ನಾಟಕದಲ್ಲಿ ಇಂದಿಗೂ ಆಗಾಗ ಕೇಳುವ ಸುದ್ದಿ. 1970ರ ದಶಕದಲ್ಲಿ ಸರ್ಕಾರ ಭೂಮಿಯಿಲ್ಲದವರಿಗೆ ನಿವೇಶನ ಹಂಚಿ ಜನತಾ ಮನೆಗಳನ್ನು ಕಟ್ಟಿಸಿಕೊಟ್ಟಿತು. ಜನರಿಗೆಂದೇ ನಕ್ಷೆ ಬರೆದ ಆ ಮನೆಗಳಲ್ಲಿ ಕಿಟಕಿಯಿತ್ತು, ಒಂದು ಕೋಣೆ, ಒಂದು ಒಲೆಯ ಮೂಲೆ ಇತ್ತು. ದನಕ್ಕೆ, ದವಸಕ್ಕೆ ಜಾಗವಿರಲಿಲ್ಲ. ಕೆಲವು ವರ್ಷಗಳಲ್ಲಿ ಸಾಲಕ್ಕೆ ಸಿಕ್ಕ ಎಮ್ಮೆಯೋ ಎರಡು ಆಡುಗಳೋ ಬಂದಾಗ ಮುಂದಿನ ಗೋಡೆಗೆ ನಾಲ್ಕು ಗಳು ಆನಿಸಿ, ಮೇಲೆ ತೆಂಗಿನ ಗರಿ ಹೊದಿಸಿ ಚಪ್ಪರ ಇಳಿಸಿದರು. ಈಗ ಒಳಗೆ ಹೋಗಬೇಕಾದವರು ಎಮ್ಮೆಯನ್ನು ಬಳಸಿಕೊಂಡೇ ಹೋಗಬೇಕು.